ನಿಮ್ಮ ಲೇಖನ ಆರನೇ ಪುಟದಲ್ಲಿ ಶುರುವಾಗುತ್ತದೆ

ನಮಸ್ಕಾರ.

‘ಚೀನಾದ ಕಪ್ಪು ಚಹಾ: ಒಂದು ಪಯಣ’ ಎಂಬ ನಿಮ್ಮ ಲೇಖನ ಕೈಸೇರಿ ಮೂರು ವಾರವಾಯ್ತು. ಉತ್ತರ ತಡವಾಗಿದ್ದಕ್ಕೆ ಬೇಸರ ಮಾಡ್ಕೋಬೇಡಿ. ಎರಡು ಸಲ ಓದಿದೆ. ಮೊದಲ ಸಲ ಓದಿದಾಗ ವಾಪಸ್ ಕಳಿಸೋಣ ಅಂತಲೇ ಇದ್ದೆ. ಎರಡನೇ ಸಲ ಆರನೇ ಪುಟದಲ್ಲಿ ಸಿಕ್ಕಿಬಿದ್ದೆ. ಅದಕ್ಕೇ ಇಷ್ಟು ಉದ್ದದ ಪತ್ರ.

ಈಗಿರುವ ರೂಪದಲ್ಲಿ ಇದನ್ನು ಅಚ್ಚು ಹಾಕಲು ಆಗುವುದಿಲ್ಲ. ಯಾಕೆ ಅಂತ ಹೇಳುತ್ತೇನೆ.

‘ಚಹಾ ಬರೀ ಪಾನೀಯವಲ್ಲ, ಅದೊಂದು ಸಂಸ್ಕೃತಿ’ ಎಂದು ಶುರು ಮಾಡಿದ್ದೀರಿ. ಚಹಾ ತೆಗೆದು ಕಾಫಿ ಹಾಕಿ, ಎಲೆಅಡಿಕೆ ಹಾಕಿ, ರೇಷ್ಮೆ ಸೀರೆ ಹಾಕಿ, ವಾಕ್ಯ ಹಾಗೇ ನಿಲ್ಲುತ್ತದೆ. ತಿಂಗಳಿಗೆ ನಾಲ್ಕಾದರೂ ಲೇಖನ ಇದೇ ವಾಕ್ಯ ಹೊತ್ತುಕೊಂಡು ನಮ್ಮ ಮೇಜಿಗೆ ಬರುತ್ತವೆ. ಅದಾದ ಮೇಲೆ ಚಹಾ ಕಂಡುಹಿಡಿದ ಅಂತ ಹೇಳುವ ಶೆನ್ ನಾಂಗ್ ಚಕ್ರವರ್ತಿ, ಕುದಿಯುವ ನೀರು, ಗಾಳಿಗೆ ಹಾರಿಬಂದು ಬಿದ್ದ ಎಲೆ. ಕತೆ ಚೆನ್ನಾಗಿದೆ, ಆದರೆ ನಿಮ್ಮದಲ್ಲ. ನಿಮ್ಮ ವಿಷಯದ್ದೂ ಅಲ್ಲ. ನೀವು ಬರೆಯಲು ಹೊರಟ ಚಹಾ ಹುಟ್ಟಿದ್ದು ಮಿಂಗ್ ಆಳ್ವಿಕೆ ಮುಗಿದು ಚಿಂಗ್ ಆಳ್ವಿಕೆ ಶುರುವಾಗುವ ಹೊತ್ತಿಗೆ, ಅಂದ್ರೆ 17ನೇ ಶತಮಾನದಲ್ಲಿ. ಪುರಾಣದ ಆ ಚಕ್ರವರ್ತಿಯಿಂದ ಅಲ್ಲಿಗೆ ನಾಲ್ಕು ಸಾವಿರ ವರ್ಷಕ್ಕೂ ಜಾಸ್ತಿ. ಅಷ್ಟನ್ನೂ ಒಂದೇ ಪ್ಯಾರಾದಲ್ಲಿ ಹಾರಿಬಿಟ್ಟಿದ್ದೀರಿ. ಹನುಮಂತ ಕೂಡ ಸಮುದ್ರ ಹಾರುವ ಮುಂಚೆ ಒಂದು ಸಲ ಮೈ ಕೊಡವಿದ, ಅಲ್ವಾ?

ಇನ್ನು ತಪ್ಪುಗಳು. ತಲೆಬರಹದಲ್ಲೇ ಒಂದಿದೆ. ಚೀನಾದಲ್ಲಿ ಈ ಚಹಾಕ್ಕೆ ಹಾಂಗ್ ಚಾ ಅನ್ನುತ್ತಾರೆ, ಅಂದ್ರೆ ಕೆಂಪು ಚಹಾ. ಬಟ್ಟಲಿಗೆ ಬಗ್ಗಿಸಿದಾಗ ಕಾಣುವ ಬಣ್ಣ ಅದು. ಇಂಗ್ಲಿಷಿನಲ್ಲಿ ಬ್ಲ್ಯಾಕ್ ಟೀ ಆಯ್ತು. ಒಣಗಿದ ಎಲೆ ನೋಡಿದರೆ ಅದೂ ಸುಳ್ಳೇನಲ್ಲ. ಆದರೆ ಚೀನೀ ಭಾಷೆಯಲ್ಲಿ ‘ಕಪ್ಪು ಚಹಾ’ ಅಂದರೆ ಹೇ ಚಾ. ಅದು ಬೇರೆಯೇ ಗುಂಪು. ಹುನಾನ್ ಪ್ರಾಂತ್ಯದ ಅನ್‌ಹುವಾ, ಗುವಾಂಗ್‌ಶಿಯ ಲ್ಯೂಬಾವ್, ರಾಶಿ ಹಾಕಿ ಹದ ಮಾಡಿದ ಪೂ ಅರ್, ಇವೆಲ್ಲ ಆ ಕಡೆಯವು. ನೀವು ಪೂ ಅರ್ ಅನ್ನೂ ಕೆಂಪು ಚಹಾ ಆದ ಕೀಮನ್ ಅನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿದ್ದೀರಿ. ಡಬ್ಬಿ ಮೇಲೆ ‘ಹೇ ಚಾ’ ಅಂತಿತ್ತು, ಅದಕ್ಕೇ ಸೇರಿಸಿದೆ ಅಂತಲೂ ಬರೆದಿದ್ದೀರಿ. ಎಡವಿದ ಆ ಜಾಗ ಲೇಖನಕ್ಕೆ ಒಳ್ಳೆಯ ಸಾಮಗ್ರಿ. ತಿದ್ದಿ ಮುಚ್ಚಬೇಡಿ. ಎಡವಿದ್ದನ್ನೇ ಬರೆಯಿರಿ.

ಎರಡನೆಯದು, ‘ಎಲೆಯನ್ನು ಹುದುಗು ಬರಿಸಿ’ ಎಂಬ ಮಾತು. ಟೀ ಕಾರ್ಖಾನೆಗಳಲ್ಲೂ ಇದನ್ನು ಫರ್ಮೆಂಟೇಶನ್ ಅಂತಲೇ ಕರೆಯುತ್ತಾರೆ. ಹಾಗಾಗಿ ತಪ್ಪು ನಿಮ್ಮೊಬ್ಬರದ್ದಲ್ಲ. ಆದರೆ ಇಡ್ಲಿ ಹಿಟ್ಟು ಉಬ್ಬುವ ಹಾಗೆ ಇಲ್ಲಿ ಏನೂ ಉಬ್ಬುವುದಿಲ್ಲ. ಸೂಕ್ಷ್ಮಜೀವಿಗಳ ಕೆಲಸ ಹೇ ಚಾದಲ್ಲಿ. ಕೆಂಪು ಚಹಾದಲ್ಲಿ ನಡೆಯುವುದು ನಮ್ಮ ಅಡುಗೆಮನೆಯಲ್ಲಿ ದಿನವೂ ಕಾಣುವ ಸಂಗತಿ. ಬಾಳೆದಿಂಡು ಹೆಚ್ಚಿ ತಕ್ಷಣ ಮಜ್ಜಿಗೆ ನೀರಿಗೆ ಹಾಕುತ್ತೇವೆ. ಬದನೆಕಾಯಿ ಹೆಚ್ಚಿ ನೀರಿಗೆ ಹಾಕುತ್ತೇವೆ. ಹಾಕದಿದ್ದರೆ ಕಪ್ಪಾಗುತ್ತದೆ. ಹೆಚ್ಚಿದ ಜಾಗಕ್ಕೆ ಗಾಳಿ ತಾಗಿ, ಒಳಗಿದ್ದ ಕಿಣ್ವ ಅಲ್ಲಿನ ರಸವನ್ನು ಬದಲಿಸುತ್ತದೆ. ಚಹಾದವರು ಇದನ್ನೇ ಬೇಕೆಂದೇ ಮಾಡುತ್ತಾರೆ. ಎಲೆ ಬಾಡಿಸುತ್ತಾರೆ, ರಸ ಹೊರಬರುವ ಹಾಗೆ ಹೊಸೆಯುತ್ತಾರೆ, ಗಾಳಿಗೆ ಬಿಡುತ್ತಾರೆ, ಬೇಕಾದಷ್ಟು ಕೆಂಪಾದ ಮೇಲೆ ಬಿಸಿ ಕೊಟ್ಟು ನಿಲ್ಲಿಸುತ್ತಾರೆ. ಹಸಿರು ಚಹಾಕ್ಕೆ ಆ ಬಿಸಿ ಮೊದಲೇ ಬೀಳುತ್ತದೆ, ಹಾಗಾಗಿ ಕಿಣ್ವಕ್ಕೆ ಅವಕಾಶವೇ ಇಲ್ಲ. ಹೀಗೆ ಬದಲಾದ ರಸದಲ್ಲಿ ಹುಟ್ಟುವ ಥಿಯಾಫ್ಲೇವಿನ್, ಥಿಯಾರುಬಿಜಿನ್ ಅಂತ ನೀವು ಅರ್ಧ ಪುಟ ತುಂಬಿಸಿದ್ದೀರಿ. ಮೊದಲನೆಯದರಿಂದ ಹೊಳಪು ಮತ್ತು ಚುರುಕು, ಎರಡನೆಯದರಿಂದ ಕೆಂಪು ಮತ್ತು ಗಟ್ಟಿತನ. ಒಂದು ಸಾಲು ಸಾಕು. ಬಾಳೆದಿಂಡಿಗೆ ಬೇಕಾದರೆ ಎರಡು ಸಾಲು ಕೊಡಿ.

ಮೂರನೆಯದು ಓದಿ ನಗು ಬಂತು. ಜಿನ್ ಜುನ್ ಮೇ ಎಂಬ ಚಹಾವನ್ನು ‘ಸಾವಿರಾರು ವರ್ಷಗಳ ಪರಂಪರೆ’ ಎಂದಿದ್ದೀರಿ. ಅದು ಮೊದಲು ತಯಾರಾಗಿದ್ದು 2005ರಲ್ಲಿ. ಅದಕ್ಕಿಂತ ನಮ್ಮ ಕಚೇರಿಯ ಫ್ಯಾನು ಹಳೆಯದು. ಬರೀ ಮೊಗ್ಗುಗಳಿಂದ ಮಾಡುತ್ತಾರೆ. ಅರ್ಧ ಕಿಲೋಗೆ ಹತ್ತಾರು ಸಾವಿರ ಮೊಗ್ಗು ಬೇಕು. ಹಾಗಾಗಿ ಬೆಲೆ ಹೆಚ್ಚು, ನಕಲಿಯೂ ಹೆಚ್ಚು. ಅಂಗಡಿಯವರು ಹೇಳಿದ್ದನ್ನು ಬರೆದಿರಿ ಅನ್ನಿಸುತ್ತದೆ. ಮಾರುವವರ ಬಾಯಲ್ಲಿ ಎಲ್ಲವೂ ಸಾವಿರಾರು ವರ್ಷದ್ದೇ.

ರಾಬರ್ಟ್ ಫಾರ್ಚೂನ್ ಬಗ್ಗೆ ಬರೆದ ಭಾಗ ರಭಸವಾಗಿದೆ. ತಲೆ ಬೋಳಿಸಿ, ಜಡೆ ಕಟ್ಟಿಕೊಂಡು, ಚೀನೀ ವೇಷದಲ್ಲಿ ಒಳನಾಡಿಗೆ ನುಗ್ಗಿದ ಸ್ಕಾಟ್ಲೆಂಡಿನ ತೋಟಗಾರ. ಈಸ್ಟ್ ಇಂಡಿಯಾ ಕಂಪನಿ ಅವನನ್ನು 1848ರಲ್ಲಿ ಕಳಿಸಿತು. 1849ರಲ್ಲಿ ಫೂಜಿಯನ್ ಪ್ರಾಂತ್ಯದ ವೂಯಿ ಬೆಟ್ಟ ಮುಟ್ಟಿದ. 1851ರಲ್ಲಿ ಗಾಜಿನ ಪೆಟ್ಟಿಗೆಗಳಲ್ಲಿ ಗಿಡಗಳನ್ನೂ, ಜೊತೆಗೆ ಕೆಲಸ ಬಲ್ಲ ಚೀನೀಯರನ್ನೂ ಕಲ್ಕತ್ತಕ್ಕೆ ತಂದ. ಇಲ್ಲಿಯವರೆಗೆ ಸರಿ. ಆಮೇಲೆ ‘ಭಾರತದ ಚಹಾ ಹುಟ್ಟಿದ್ದೇ ಈ ಕಳ್ಳತನದಿಂದ’ ಎಂದು ತೀರ್ಪು ಕೊಟ್ಟಿದ್ದೀರಿ. ಅಸ್ಸಾಮಿನಲ್ಲಿ ಚಹಾ ಗಿಡ ಮೊದಲೇ ಇತ್ತು. ಅಲ್ಲಿನ ಸಿಂಗ್‌ಫೋ ಜನ ಅದನ್ನು ಕುಡಿಯುತ್ತಿದ್ದರು. ಅಸ್ಸಾಂ ಚಹಾ 1839ರ ಜನವರಿಯಲ್ಲೇ ಲಂಡನ್ನಿನಲ್ಲಿ ಹರಾಜಾಗಿತ್ತು. ಆಗ ಫಾರ್ಚೂನ್ ಚೀನಾದ ಮುಖವನ್ನೇ ನೋಡಿರಲಿಲ್ಲ. ಅವನ ಗಿಡಗಳು ಹೋಗಿದ್ದು ಹಿಮಾಲಯದ ತಪ್ಪಲಿಗೆ. ಕಳ್ಳತನದ ಕತೆ ಎಷ್ಟೇ ರುಚಿಯಾಗಿರಲಿ, ಅಸ್ಸಾಮನ್ನು ಅದರಲ್ಲಿ ಮುಳುಗಿಸಬೇಡಿ. ಫಾರ್ಚೂನ್‌ನ ಇನ್ನೊಂದು ಕೆಲಸ ನಿಮಗೆ ಹೆಚ್ಚು ಉಪಯೋಗಕ್ಕೆ ಬರುತ್ತಿತ್ತು, ಅದನ್ನು ಬಿಟ್ಟಿದ್ದೀರಿ. ಹಸಿರಿಗೆ ಒಂದು ಗಿಡ, ಕಪ್ಪಿಗೆ ಇನ್ನೊಂದು ಗಿಡ ಅಂತ ಯುರೋಪಿನವರು ನಂಬಿದ್ದರು. ಗಿಡಗಳಿಗೆ ಶಾಸ್ತ್ರೀಯ ಹೆಸರಿಟ್ಟ ಲಿನೇಯಸ್ ಎರಡಕ್ಕೂ ಬೇರೆ ಬೇರೆ ಹೆಸರನ್ನೇ ಕೊಟ್ಟಿದ್ದ. ಎರಡೂ ಒಂದೇ ಗಿಡದ್ದು, ಬೇರೆಯಾಗುವುದು ಮಾಡುವ ಕೈಯಲ್ಲಿ ಅಂತ ಫಾರ್ಚೂನ್ ಅಲ್ಲಿ ನೋಡಿ ಬಂದು ಹೇಳಿದ.

ಆರೋಗ್ಯ ಲಾಭಗಳ ಪುಟ ತೆಗೆದುಬಿಡಿ. ಅಫೀಮು ಯುದ್ಧದ ಎರಡು ಪುಟಗಳನ್ನು ನಾಲ್ಕು ಸಾಲಿಗೆ ಇಳಿಸಿ. ಚಹಾಕ್ಕೆ ಬೆಳ್ಳಿ ಕೊಟ್ಟು ಕೊಟ್ಟು ಸಾಕಾದ ಬ್ರಿಟಿಷರು ಬೆಳ್ಳಿಯ ಬದಲು ಅಫೀಮು ನುಗ್ಗಿಸಿದರು. ಚಹಾದ ಲೇಖನಕ್ಕೆ ಅಷ್ಟು ಸಾಕು.

ಈಗ ಆರನೇ ಪುಟಕ್ಕೆ ಬರೋಣ.

ಅಲ್ಲಿ ನೀವು, ಕೆಲಸದ ಮೇಲೆ ಶಿಯಾಮೆನ್ ಬಂದರಿನಲ್ಲಿ ಎರಡು ವರ್ಷ ಇದ್ದೆ ಅಂತ ಬರೆದಿದ್ದೀರಿ. ಬಾಡಿಗೆ ಮನೆಯ ಕೆಳಗಿನ ಅಂಗಡಿಯ ಅಜ್ಜಿ ಚಹಾಕ್ಕೆ ‘ಚಾ’ ಅನ್ನದೆ ‘ತೇ’ ಅನ್ನುತ್ತಿದ್ದರು, ಮೊದಮೊದಲು ಇಂಗ್ಲಿಷ್ ಮಾತಾಡ್ತಿದಾರೆ ಅಂದುಕೊಂಡೆ ಅಂತ ಬರೆದಿದ್ದೀರಿ. ಒಂದೂವರೆ ಸಾಲು. ಮುಂದಿನ ವಾಕ್ಯದಲ್ಲಿ ಮತ್ತೆ ಟ್ಯಾಂಗ್ ರಾಜವಂಶ!

ಸ್ವಾಮಿ, ಆ ಅಜ್ಜಿ ಇಂಗ್ಲಿಷ್ ಮಾತಾಡಲಿಲ್ಲ. ಇಂಗ್ಲಿಷರೇ ಆ ಅಜ್ಜಿಯ ಮಾತು ಆಡುತ್ತಿದ್ದಾರೆ. ಶಿಯಾಮೆನ್ ಇರುವ ದಕ್ಷಿಣ ಫೂಜಿಯನ್ನಿನ ಆಡುಮಾತಿನ ‘ತೇ’ಯನ್ನು ಡಚ್ ವ್ಯಾಪಾರಿಗಳು ಹಡಗು ಹತ್ತಿಸಿದರು. ಅದು ಇಂಗ್ಲಿಷಿಗೆ ಹೋಗಿ, ಅಲ್ಲಿಂದ ನಮ್ಮ ಹೋಟೆಲಿನ ‘ಎರಡು ಟೀ’ವರೆಗೂ ಬಂತು. ಚೀನಾದ ಉಳಿದ ಕಡೆಯ ‘ಚಾ’ ಬೇರೆ ದಾರಿ ಹಿಡಿಯಿತು. ನಮ್ಮ ಚಹಾ, ಕರಾವಳಿಯ ಚಾ, ಹಿಂದಿಯ ಚಾಯ್ ಎಲ್ಲ ಆ ಕುಟುಂಬದವು. ಧಾರವಾಡದಲ್ಲಿ ‘ಚಾ ಕುಡೀರಿ’ ಅಂತಾರೆ, ಬೆಂಗಳೂರಲ್ಲಿ ‘ಟೀ ತಗೊಳ್ಳಿ’ ಅಂತಾರೆ. ಎರಡೂ ಚೀನೀ ಮಾತೇ. ಕನ್ನಡದ ಓದುಗರಿಗೆ ಇದಕ್ಕಿಂತ ಒಳ್ಳೆ ಬಾಗಿಲು ಎಲ್ಲಿ ಸಿಗುತ್ತದೆ? ಹಳೆಯ ವ್ಯಾಪಾರದ ಉಳಿದ ಹೆಸರುಗಳನ್ನೂ ಇದೇ ಕಿವಿಯಿಂದ ಕೇಳಿ ನೋಡಿ. ‘ಬೋಹಿ’ ಅಂದರೆ ಅದೇ ಸೀಮೆಯ ಬಾಯಲ್ಲಿ ವೂಯಿ. 1773ರಲ್ಲಿ ಬ್ರಿಟಿಷರ ತೆರಿಗೆ ವಿರೋಧಿಸಿ ಅಮೆರಿಕದ ಬಾಸ್ಟನ್ ಬಂದರಿನ ನೀರಿಗೆ ಸುರಿದ ಚಹಾದಲ್ಲಿ ಬಹುಪಾಲು ಬೋಹಿಯೇ. ‘ಕಾಂಗೂ’ ಅಂದರೆ ಗೋಂಗ್‌ಫು. ಕುಂಗ್ ಫು ಸಿನಿಮಾದ ಮಾತೇ, ಹೊತ್ತು ಕೊಟ್ಟು ಶ್ರಮಪಟ್ಟು ಮಾಡಿದ್ದು ಅಂತ.

ಅದೇ ಪುಟದ ಕೊನೆಗೆ ನಿಮ್ಮ ತಾಯಿ ಬರುತ್ತಾರೆ, ಅದೂ ಕಂಸದೊಳಗೆ. ಸಾಗರದ ಕಡೆಯ ನಿಮ್ಮ ಮನೆಗೆ ಲ್ಯಾಪ್‌ಸಾಂಗ್ ಸೂಚಾಂಗ್ ಎಂಬ ಕೆಂಪು ಚಹಾದ ಪೊಟ್ಟಣ ತಂದಿದ್ದಿರಿ. ಅವರು ಮೂಸಿ ನೋಡಿ, ‘ಇದೆಂತ ಮಾರಾಯ, ಅಡಿಕೆ ಅಟ್ಟದ ವಾಸನೆ ಬರ್ತದೆ!’ ಅಂದರು. ನೀವು ಅದನ್ನು ತಮಾಷೆಗೆ ಸೇರಿಸಿದ್ದೀರಿ. ಇಡೀ ಹದಿನಾಲ್ಕು ಪುಟದಲ್ಲಿ ಚಹಾದ ಗುಣವನ್ನು ಸರಿಯಾಗಿ ಹೇಳಿದವರು ಅವರೊಬ್ಬರೇ. ನೀವು ‘ಅಮೋಘ’, ‘ಮನಮೋಹಕ’, ‘ಅವರ್ಣನೀಯ’ ಅಂತ ಬರೆದಿದ್ದೀರಿ. ಅವರ್ಣನೀಯ ಅಂತ ಬರೆಯುವವರಿಗೆ ನಾವು ಸಂಭಾವನೆ ಯಾಕೆ ಕೊಡಬೇಕು ಹೇಳಿ?

ಅಮ್ಮನ ಮಾತು ಬರೀ ಹೋಲಿಕೆಯಲ್ಲ. ಆ ಚಹಾದ ಊರು ವೂಯಿ ಬೆಟ್ಟಗಳೊಳಗಿನ ತೋಂಗ್‌ಮು. ಮಂಜು, ಮಳೆ, ಬಿಸಿಲು ಕಡಿಮೆ. ಕಿತ್ತ ಎಲೆ ಬಾಡಿಸಲು ಬಿಸಿಲು ನೆಚ್ಚಿಕೊಂಡರೆ ಆಗುವುದಿಲ್ಲ. ಹಾಗಾಗಿ ಮರದ ಅಂತಸ್ತಿನ ಮನೆ ಕಟ್ಟಿದರು. ಕೆಳಗೆ ಪೈನ್ ಸೌದೆಯ ಬೆಂಕಿ, ಮೇಲೆ ಬಿದಿರಿನ ಹಾಸಿನ ಮೇಲೆ ಎಲೆ. ಬಿಸಿ ಮೇಲೇರುತ್ತದೆ, ಜೊತೆಗೆ ಹೊಗೆಯೂ. ಬಿಸಿಲು ಕೈಕೊಟ್ಟಾಗ ಬೇಯಿಸಿದ ಅಡಿಕೆಯನ್ನು ಅಟ್ಟಕ್ಕೇರಿಸಿ ಕೆಳಗೆ ಬೆಂಕಿ ಹಾಕುವ ಮಲೆನಾಡಿನವರಿಗೆ ಇದನ್ನು ವಿವರಿಸಬೇಕೇ? ಒಂದೇ ಕಷ್ಟ, ಒಂದೇ ಉಪಾಯ, ಅದಕ್ಕೇ ಒಂದೇ ವಾಸನೆ. ಚಹಾ ಮನೆಯಲ್ಲಿ ಬೀಡುಬಿಟ್ಟ ಸೈನಿಕರಿಂದ ಕೆಲಸ ತಡವಾಗಿ, ಕೆಟ್ಟುಹೋಗುತ್ತಿದ್ದ ಎಲೆಯನ್ನು ಪೈನ್ ಬೆಂಕಿಯಲ್ಲಿ ಆತುರಾತುರವಾಗಿ ಒಣಗಿಸಿದ್ದೇ ಈ ಚಹಾದ ಹುಟ್ಟು ಅಂತ ಒಂದು ಕತೆಯಿದೆ. ನೀವು ಆ ಸೈನಿಕರಿಂದ ಸಂಭಾಷಣೆಯನ್ನೂ ಆಡಿಸಿದ್ದೀರಿ. ‘ಅಂತಾರೆ’ ಅಂತ ಒಂದು ಪದ ಸೇರಿಸಿ, ಸಂಭಾಷಣೆ ತೆಗೆಯಿರಿ.

ಇಷ್ಟನ್ನು ಓದುವಾಗ ನನಗೊಂದು ಎಳೆ ಕಂಡಿತು. ನಿಮ್ಮ ಲೇಖನದಲ್ಲೇ ಚೆಲ್ಲಿಕೊಂಡಿದೆ, ನೀವು ಹೆಕ್ಕಿಲ್ಲ. ಚೀನಾದ ಜನ ಹೆಚ್ಚು ಕುಡಿಯುವುದು ಹಸಿರು ಚಹಾ. ಕೆಂಪು ಚಹಾ ಬಹುಕಾಲ ಹೊರಗಿನವರಿಗಾಗಿ ಮಾಡಿದ್ದು. ತಿಂಗಳುಗಟ್ಟಲೆ ಹಡಗಿನಲ್ಲಿದ್ದರೂ ಅದು ಹಸಿರಿನಷ್ಟು ಬೇಗ ಕೆಡುವುದಿಲ್ಲ. ಆನ್ಹುವೇ ಪ್ರಾಂತ್ಯದ ಚೀಮೆನ್ ನೋಡಿ, ಇಂಗ್ಲಿಷಿನ ಕೀಮನ್. 1870ರ ದಶಕದವರೆಗೂ ಅದು ಹಸಿರು ಚಹಾದ ಊರು. ಫೂಜಿಯನ್ನಿನಲ್ಲಿ ಕೆಲಸ ಕಳೆದುಕೊಂಡು ಮರಳಿದ ಯೂ ಗಾನ್‌ಚೆನ್ ಎಂಬ ಅಧಿಕಾರಿ 1875ರಲ್ಲಿ ಅಲ್ಲಿಯ ವಿದ್ಯೆಯನ್ನು ಆ ಸೀಮೆಗೆ ತಂದ ಅಂತ ಒಂದು ವಾದ. ಇಲ್ಲ, ಊರಿನವನೇ ಆದ ಹೂ ಯುವಾನ್‌ಲಾಂಗ್ ಮೊದಲಿಗ ಅಂತ ಇನ್ನೊಂದು ವಾದ. ನೀವು ಒಬ್ಬನಿಗೇ ಹಾರ ಹಾಕಿದ್ದೀರಿ. ಇಬ್ಬರನ್ನೂ ಹೇಳಿ. 1915ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಪ್ರದರ್ಶನದಲ್ಲಿ ಚಿನ್ನದ ಪದಕ ಬಂದಿದ್ದೂ ಹೊರಗಿನವರ ಕೈಯಿಂದಲೇ. ಯುನ್ನಾನ್ ಪ್ರಾಂತ್ಯ ಅಂತೂ ಸರಿಯೇ ಸರಿ. ಜಪಾನಿನ ದಾಳಿಗೆ ಪೂರ್ವದ ಚಹಾ ಸೀಮೆಗಳು ಸಿಕ್ಕಿಕೊಂಡಾಗ, ವಿದೇಶಿ ಹಣಕ್ಕಾಗಿ ಬೇರೆ ಜಾಗ ಹುಡುಕಬೇಕಾಯ್ತು. ಚಹಾ ತಜ್ಞ ಫೆಂಗ್ ಶಾವ್‌ಚ್ಯೂ 1938ರ ಕೊನೆಗೆ ಯುನ್ನಾನಿನ ಫೆಂಗ್‌ಚಿಂಗ್‌ಗೆ ಹೋದ. ಅಲ್ಲಿನ ದೊಡ್ಡ ಎಲೆಯ ಗಿಡ ಅಸ್ಸಾಮಿನ ಗಿಡದ ಜಾತಿಯದ್ದೇ. ಅದರಿಂದ ಬಂದದ್ದು ಬಂಗಾರದ ಮೊಗ್ಗುಗಳ ಡಿಯೆನ್‌ಹಾಂಗ್. ಯುದ್ಧ ಹುಟ್ಟಿಸಿದ ಆ ಚಹಾಕ್ಕೆ ನೀವು ಕೊಟ್ಟಿರುವುದು ಎರಡು ಸಾಲು, ಶೆನ್ ನಾಂಗನಿಗೆ ಒಂದು ಪುಟ!

ಹೊರಗೆ ಕಳಿಸಲಿಕ್ಕೆ ಮಾಡಿದ ಚಹಾ, ಅದನ್ನು ಕಳಿಸಿದ ಬಂದರಿನ ಸೀಮೆ, ಆ ಬಂದರಿನಲ್ಲಿ ಎರಡು ವರ್ಷ ಇದ್ದು ಬಂದ ಒಬ್ಬ ಸಾಗರದವರು. ನಮ್ಮಲ್ಲಿ ಇನ್ಯಾರೂ ಇದನ್ನು ಬರೆಯಲಾರರು. ಹಾಗಿದ್ದೂ ನೀವು ಗಾಂಧಿಬಜಾರಿನಲ್ಲಿ ಕೂತು ನಾಲ್ಕು ಪುಸ್ತಕ ತಿರುವಿ ಬರೆಯಬಹುದಾದ್ದನ್ನು ಕಳಿಸಿದ್ದೀರಿ.

ಮತ್ತೆ ಬರೆಯುವಾಗ ಮೂರು ಚಹಾ ಸಾಕು. ಲ್ಯಾಪ್‌ಸಾಂಗ್, ಕೀಮನ್, ಡಿಯೆನ್‌ಹಾಂಗ್. ಮೂರನ್ನೂ ಕುಡಿದು, ಬಟ್ಟಲು ಪಕ್ಕದಲ್ಲಿಟ್ಟುಕೊಂಡು ಬರೆಯಿರಿ. ಹಾಲು ಬೇಡ. ಯಂತ್ರದಲ್ಲಿ ಕಾಳಿನ ಹಾಗೆ ಮಾಡಿದ ನಮ್ಮ ಸಿಟಿಸಿ ಪುಡಿ ಹಾಲು ಸಕ್ಕರೆಯ ಜೊತೆ ಕುದ್ದರೂ ಎದ್ದು ನಿಲ್ಲುತ್ತದೆ, ಕೀಮನ್ ಅಡಗಿಹೋಗುತ್ತದೆ. ನನಗೆ ಒಮ್ಮೆ ಸಿಕ್ಕ ಕೀಮನ್‌ನಲ್ಲಿ ಒಣಗಿದ ಗುಲಾಬಿ ಎಸಳಿನ ವಾಸನೆಯೂ, ಕೊನೆಗೆ ಕೋಕೋದಂಥ ಸಣ್ಣ ಕಹಿಯೂ ಇತ್ತು. ಡಿಯೆನ್‌ಹಾಂಗ್ ಜೋನಿಬೆಲ್ಲದ ಕಡೆಗೆ ವಾಲುತ್ತದೆ. ಇವು ನನ್ನ ಮಾತುಗಳು, ನಕಲು ಮಾಡಬೇಡಿ. ನಿಮ್ಮ ಮೂಗು ಬೇರೆ ಹೇಳಬಹುದು.

ಸಾವಿರದೈನೂರು ಪದದೊಳಗೆ ಮುಗಿಸಿ, ತಿಂಗಳೊಳಗೆ ಕಳಿಸಿ. ತಲೆಬರಹದ ಚಿಂತೆ ನಮಗಿರಲಿ.

ಹಾಂ, ಅಮ್ಮನಿಗೆ ಒಂದು ಫೋನ್ ಮಾಡಿ. ನಿಮ್ಮ ಮನೆಯ ಅಟ್ಟದ ಕೆಳಗೆ ಯಾವ ಸೌದೆ ಉರಿಸುತ್ತಿದ್ದರು ಅಂತ ಕೇಳಿ. ತೋಂಗ್‌ಮುವಿನ ಸೌದೆ ಪೈನ್ ಅಂತ ನೀವು ಬರೆದ ಕಡೆ ಅದೂ ಪಕ್ಕದಲ್ಲೇ ಬರಬೇಕು.