ಅಂಗೈ ಕೂಡದ ಪ್ರಾರ್ಥನೆ

ಇವರನ್ನು ವಸುಧಾ ಅನ್ನೋಣ. ಹೆಸರು, ಗುರುತು ಬದಲಿಸಿದ್ದೇನೆ. ವಯಸ್ಸು 46. ಆರು ವರ್ಷದಿಂದ ರುಮಟಾಯ್ಡ್ ಆರ್ಥ್ರೈಟಿಸ್. ದೇಹವನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ಕೀಲುಗಳ ಮೇಲೆ ಮುಗಿಬೀಳುವ ಕಾಯಿಲೆ ಇದು. ಬೆಳಿಗ್ಗೆ ಎದ್ದ ಮೇಲೆ ಗಂಟೆಯಾದರೂ ಅವರ ಬೆರಳು ಮಡಚಲು ಬರುವುದಿಲ್ಲ.

ವೈದ್ಯರು ಇವರನ್ನು ಆಪ್ತಸಮಾಲೋಚಕಿಯಾದ ನನ್ನ ಹತ್ತಿರ ಕಳಿಸಿದ್ದು, ಈ ಕಾಯಿಲೆಯನ್ನು ಹತೋಟಿಯಲ್ಲಿಡುವ ಮೆಥೊಟ್ರೆಕ್ಸೇಟ್ ಮಾತ್ರೆ ಪದೇ ಪದೇ ಬಿಡುತ್ತಾರೆ ಅಂತ. ವಾರಕ್ಕೆ ಒಂದೇ ದಿನ ನುಂಗುವ ಮಾತ್ರೆ, ಮರೆವಿರಬೇಕು ಅಂದುಕೊಂಡೆ. ಮೊದಲ ಭೇಟಿಯನ್ನು ಅಲಾರಂ, ಕ್ಯಾಲೆಂಡರ್ ಅಂತ ಮಾತಾಡಿ ಹಾಳುಮಾಡಿದೆ.

ಎರಡನೇ ಸಲ ಸುಮ್ನೆ ಕೇಳಿದೆ, "ನೋವು ಜಾಸ್ತಿಯಾದಾಗ ಏನು ಮಾಡ್ತೀರಿ?"

"ಮೊದಲು ಪ್ರಾರ್ಥನೆ ಮಾಡ್ತಿದ್ದೆ. ಈಗ ಬಿಟ್ಟಿದ್ದೀನಿ ಮೇಡಂ."

ಕೈ ಜೋಡಿಸಿ ತೋರಿಸಿದರು. ಬೆರಳ ತುದಿ ಕೂಡಿದವು, ಅಂಗೈ ಕೂಡಲಿಲ್ಲ. ನಡುವೆ ನಿಂಬೆಹಣ್ಣು ಹಿಡಿಸುವಷ್ಟು ಜಾಗ.

"ಕೈ ಮುಗಿಯೋಕೂ ಬಿಡ್ತಿಲ್ಲ ಅಂದ್ರೆ ದೇವರಿಗೇ ನಾನು ಬೇಡ, ಅಲ್ವಾ? ಇದು ಶಿಕ್ಷೆ. ಶಿಕ್ಷೆಗೆ ಮಾತ್ರೆ ಯಾಕೆ?"

ನಂಬಿಕೆ ಇದ್ದರೆ ಕಾಯಿಲೆ ಸಹಿಸುವುದು ಸುಲಭ ಅಂತೇವೆ. ಯಾವ ನಂಬಿಕೆ ಅಂತ ಕೇಳುವುದಿಲ್ಲ. ಮನಶ್ಶಾಸ್ತ್ರಜ್ಞ ಕೆನೆತ್ ಪಾರ್ಗಮೆಂಟ್ ಮತ್ತು ಜೊತೆಗಾರರ ಅಧ್ಯಯನ 2001ರಲ್ಲಿ ಪ್ರಕಟವಾಯಿತು. 55 ವರ್ಷ ಮತ್ತು ಮೇಲ್ಪಟ್ಟ 596 ರೋಗಿಗಳನ್ನು 2 ವರ್ಷ ಗಮನಿಸಿದ್ದರು. ದೇವರು ಕೈಬಿಟ್ಟ ಅಂತ ಕೊರಗುವಂಥವರಲ್ಲಿ ಸಾವಿನ ಅಪಾಯ ಸ್ವಲ್ಪ ಹೆಚ್ಚಾಗಿ ಕಂಡಿತ್ತು. ವಸುಧಾಗೆ ಇದನ್ನು ಹೇಳಲಿಲ್ಲ. ಮೊದಲೇ ಹೆದರಿದವರು.

ದೇವರು ಶಿಕ್ಷಿಸುವುದಿಲ್ಲ ಅಂತ ವಾದಕ್ಕೂ ಇಳಿಯಲಿಲ್ಲ, ಅದು ನನ್ನ ಕೆಲಸವಲ್ಲ. "ಆಸ್ಪತ್ರೆಯಲ್ಲಿ ನಿಮ್ಮ ಪಕ್ಕ ಕೂರುವವರಿಗೂ ಇದು ಶಿಕ್ಷೆಯಾ?" ಅಂತಷ್ಟೇ ಕೇಳಿದೆ.

"ಛೆ, ಅವರೇನು ಮಾಡಿದ್ದಾರೆ ಪಾಪ!" ಅಂದವರು ಬಹಳ ಹೊತ್ತು ಮಾತಾಡಲಿಲ್ಲ.

ಆಮೇಲೆ ಕೊಟ್ಟ ಸಲಹೆ ಸಣ್ಣದು. ಪ್ರಾರ್ಥನೆ ಬೆಳಿಗ್ಗೆಯೇ ಆಗಬೇಕಿಲ್ಲ, ಬೆರಳು ಸಡಿಲವಾದ ಮೇಲೆ ಮಾಡಿ. ಕೈ ತೊಡೆಯ ಮೇಲಿದ್ದರೂ ಆಯಿತು. ಸಿಟ್ಟಿದ್ದರೆ ಸಿಟ್ಟನ್ನೇ ಹೇಳಿ. ನೀವು ಗೌರವಿಸುವ ಹಿರಿಯರೊಬ್ಬರ ಹತ್ತಿರ ಈ ಶಿಕ್ಷೆಯ ಮಾತು ಎತ್ತಿ. ಮಾತ್ರೆಗೆ ವಾರದ ಒಂದು ದಿನ ಗೊತ್ತು ಮಾಡಿ, ಆ ದಿನದ ಪ್ರಾರ್ಥನೆ ಮುಗಿದ ಕೂಡಲೇ ನುಂಗಿ. ತಪ್ಪಿದರೆ ಎರಡು ಸಲದ್ದು ಒಟ್ಟಿಗೆ ಬೇಡ, ವೈದ್ಯರನ್ನು ಕೇಳಿ.

ನಾಲ್ಕನೇ ಭೇಟಿಗೆ ಬಂದಾಗ ಮಾತ್ರೆ ಒಂದು ವಾರವೂ ತಪ್ಪಿರಲಿಲ್ಲ. ಬೆರಳ ಊತ ಹಾಗೇ ಇತ್ತು.

"ಮೊನ್ನೆ ದೇವರ ಜೊತೆ ಜಗಳ ಆಡಿದೆ ಮೇಡಂ."

"ಏನಂತ?"

"ಅದು ನಮ್ಮಿಬ್ಬರ ವಿಷಯ," ಅಂದು ನಕ್ಕರು.