ಜಪವಿರಲಿ, ಮಾತ್ರೆಯೂ ಇರಲಿ

ಪ್ರಶ್ನೆ: ಆತಂಕಕ್ಕೆ ಕೆಲವು ತಿಂಗಳಿಂದ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಮಲಗುವ ಮುನ್ನ ರೋಗ ನೀಗುವ ವೈದ್ಯನೆಂದು ಪೂಜಿಸುವ ಭೈಷಜ್ಯಗುರು ಬುದ್ಧನ ಮಂತ್ರ ಜಪಿಸುತ್ತೇನೆ. ಮೂರು ಮಾಲೆ ಮುಗಿಯುವಷ್ಟರಲ್ಲಿ ಎದೆ ಬಿಗಿದು ತಲೆ ಸುತ್ತುತ್ತದೆ. ತಪ್ಪೆಲ್ಲಿ? ಸಾಧನೆ ಬಲಿತರೆ ಮಾತ್ರೆ ಬಿಡಬಹುದೇ?

ಉತ್ತರ: ಮೊದಲು ಮಾತ್ರೆಯ ವಿಷಯ. ನೀವಾಗಿಯೇ ಬಿಡಬೇಡಿ. ಥಟ್ಟನೆ ನಿಲ್ಲಿಸಿದರೆ ಆತಂಕ, ನಿದ್ರಾಹೀನತೆ ಮರಳಬಹುದು. ಪ್ರಮಾಣ ಇಳಿಸುವುದೇನಿದ್ದರೂ ವೈದ್ಯರ ಸಲಹೆಯಂತೆ, ಹಂತಹಂತವಾಗಿ. ಬೌದ್ಧ ಪರಂಪರೆ ಔಷಧಿಯನ್ನು ಎಂದೂ ದೂರವಿಟ್ಟಿಲ್ಲ. ಭಿಕ್ಷುಗಳ ನಿಯಮಗಳ ಗ್ರಂಥವಾದ ವಿನಯಪಿಟಕದ ಮಹಾವಗ್ಗ ಎಂಬ ಭಾಗದಲ್ಲಿ ಔಷಧಿಗಳಿಗೆಂದೇ ಒಂದು ಅಧ್ಯಾಯವಿದೆ. ಭೈಷಜ್ಯಗುರುವಿನ ಟಿಬೆಟಿಯನ್ ಚಿತ್ರಗಳಲ್ಲಿ ಆತನ ಬಲಗೈಯಲ್ಲಿರುವುದೂ ಔಷಧೀಯ ಅಳಲೆಯೇ.

ತಲೆಸುತ್ತಿಗೆ ಜಪದ ವೇಗ ಕಾರಣವಿರಬಹುದು. ಎಣಿಕೆ ಮುಗಿಸುವ ಆತುರದಲ್ಲಿ ಮೇಲಿಂದ ಮೇಲೆ ಉಸಿರೆಳೆದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿದು ತಲೆ ಹಗುರಾಗುತ್ತದೆ, ಎದೆ ಬಿಗಿಯುತ್ತದೆ, ಬೆರಳು ಜುಮ್ಮೆನ್ನುತ್ತದೆ. ಆದರೂ ಎದೆಬಿಗಿತವನ್ನು ವೈದ್ಯರಿಗೆ ತಪ್ಪದೆ ಹೇಳಿ.

ಸದ್ಯಕ್ಕೆ 108 ಬೇಡ, 27 ಸಾಕು. ಕುರ್ಚಿಯಲ್ಲಿ ಕೂತರೂ ಸರಿ, ಪಾದ ನೆಲಕ್ಕೆ ತಾಗಿರಲಿ. ತ್ರಿಶರಣ (ಬುದ್ಧ, ಧರ್ಮ, ಸಂಘಗಳಿಗೆ ಶರಣು) ಹೇಳಿಕೊಂಡು, ಉಸಿರು ಬಿಡುವಾಗ ಮೆಲುದನಿಯಲ್ಲಿ ಒಂದು ಮಂತ್ರ; ಉಸಿರು ತಾನಾಗಿ ಒಳಬರುವವರೆಗೆ ಮೌನ. ಎಣಿಕೆ ತಪ್ಪಿದರೆ ಮೊದಲಿನಿಂದ ಶುರುಮಾಡಬೇಡಿ. ಟಿಬೆಟಿಯನ್ ಸಂಪ್ರದಾಯದಲ್ಲಿ 108 ಮಣಿಯ ಒಂದು ಸುತ್ತನ್ನು 100 ಎಂದೇ ಲೆಕ್ಕ ಹಿಡಿಯುವ ರೂಢಿಯಿದೆ. ಉಳಿದ ಎಂಟು ತಪ್ಪಿದ್ದಕ್ಕೆ, ಬಿಟ್ಟುಹೋದದ್ದಕ್ಕೆ. ಎಂಥ ಕರುಣೆಯ ಲೆಕ್ಕ! ಕಣ್ಣು ಮುಚ್ಚಿದಾಗ ಗಾಬರಿ ಹೆಚ್ಚಿದರೆ ಅರೆತೆರೆದು ಬುದ್ಧನ ನೀಲವರ್ಣದ ಚಿತ್ರ ನೋಡಿ. ಎದೆಬಡಿತದ ಮೇಲೇ ಗಮನ ಹೋಗುತ್ತಿದ್ದರೆ ಅದನ್ನು ಅಂಗಾಲಿಗೆ ಇಳಿಸಿ. ಹಾಸಿಗೆಯ ಹೊತ್ತಿಗಿಂತ ಸಂಜೆ ಮೇಲು. ಮಲಗುವಾಗ ಎಣಿಕೆ ಹಿಡಿದರೆ ನಿದ್ದೆಯೂ ಒಂದು ಪರೀಕ್ಷೆಯಾಗಿಬಿಡುತ್ತದೆ.

ಪ್ರಶ್ನೆ: ಮೈತ್ರಿ ಭಾವನೆಯಲ್ಲಿ (ತನಗೂ ಇತರರಿಗೂ ಒಳಿತು ಹಾರೈಸುವ ಧ್ಯಾನದಲ್ಲಿ) ‘ನಾನು ಸುಖವಾಗಿರಲಿ’ ಎಂದೊಡನೆ ಅಳು ಬರುತ್ತದೆ, ನನ್ನ ಮೇಲೇ ಜುಗುಪ್ಸೆಯಾಗುತ್ತದೆ. ಮುಂದುವರಿಸಲೇ?

ಉತ್ತರ: ಬೌದ್ಧ ಪಂಡಿತ ಬುದ್ಧಘೋಷನ ಸಾಧನಾಗ್ರಂಥ ‘ವಿಸುದ್ಧಿಮಗ್ಗ’ ಹೇಳುವ ಕ್ರಮ: ಮೊದಲು ತನಗೆ, ಬಳಿಕ ಗೌರವಾನ್ವಿತರಿಗೆ, ಪ್ರಿಯರಿಗೆ, ತಟಸ್ಥರಿಗೆ, ಕೊನೆಗೆ ವೈರಿಗೆ. ಆದರೆ ಖಿನ್ನತೆಯಿರುವಾಗ ಮೊದಲ ಮೆಟ್ಟಿಲೇ ಚುಚ್ಚಬಹುದು. ಹಾಗಾದಾಗ ನಿಮಗೆ ಒಳಿತು ಮಾಡಿದ, ಬದುಕಿರುವ ಒಬ್ಬರಿಂದ ಆರಂಭಿಸಿ. ತೀರಿಕೊಂಡವರು ಬೇಡ ಎಂದು ಗ್ರಂಥವೇ ಎಚ್ಚರಿಸುತ್ತದೆ. ಅಗಲಿಕೆಯ ನೋವಿನಲ್ಲಿರುವವರಿಗೆ ಈ ಮಾತು ಇನ್ನೂ ಮುಖ್ಯ. ಐದು ನಿಮಿಷದ ಬಳಿಕ ‘ಅವರಂತೆ ನಾನೂ’ ಎಂದು ಒಮ್ಮೆ ಸೇರಿಸಿ. ಮನಸ್ಸು ಒಪ್ಪದಿದ್ದರೆ ಅಲ್ಲಿಗೇ ನಿಲ್ಲಿಸಿ. ವೈರಿಯ ಸರದಿಗೆ ಅವಸರ ಬೇಡ. ಬದುಕೇ ಬೇಡವೆನಿಸುವ ಯೋಚನೆ ಬಂದರೆ ಧ್ಯಾನದಲ್ಲಿ ಅದನ್ನು ಗೆಲ್ಲಲು ಹೋಗದೆ, ಕೂಡಲೇ ಹತ್ತಿರದವರಿಗೂ ವೈದ್ಯರಿಗೂ ತಿಳಿಸಿ.