ಕ್ಯಾಮ್ ಹೊಸದು, ಪೆಟ್ರೋಲ್ ಲೆಕ್ಕ ಹಳೆಯದು

ಪ್ರಶ್ನೆ: ನನ್ನ ಬಳಿ 1973ರ ಟ್ರಯಂಫ್ ಟಿಆರ್6 ಇದೆ, ಲೂಕಾಸ್ ಪೆಟ್ರೋಲ್ ಇಂಜೆಕ್ಷನ್ ಇರುವ ಕಾರು. ಇಂಜಿನ್ ಬಿಚ್ಚಿದಾಗ, ಮೊದಲಿನ ಟಿಆರ್6ಗಳಲ್ಲಿದ್ದ ಜೋರಿನ ಕ್ಯಾಮ್‌ಶಾಫ್ಟ್ (ವಾಲ್ವ್‌ಗಳನ್ನು ತೆರೆಯುವ ದಂಡ) ಹಾಕಿಸಿದೆ. ಈಗ ಐಡ್ಲಿಂಗ್ ಏರಿಳಿಯುತ್ತದೆ, ಕಪ್ಪು ಹೊಗೆ, ಪ್ಲಗ್ ತುಂಬಾ ಮಸಿ. ಮೀಟರಿಂಗ್ ಯೂನಿಟ್ (ಪೆಟ್ರೋಲ್ ಅಳೆದು ಕೊಡುವ ಭಾಗ) ಸೀಲ್ ತೆಗೆದು ಸ್ಕ್ರೂ ತಿರುಗಿಸಿದರೆ ಸರಿಹೋಗುತ್ತೆ ಅಂತ ಗೆಳೆಯರು ಹೇಳ್ತಾರೆ. ಮಾಡಿಸಲೇ?
– ಓದುಗರೊಬ್ಬರು, ಕವೆಂಟ್ರಿ

ಉತ್ತರ: ಬೇಡ ಸಾರ್. ಆ ಸೀಲ್ ಹಾಗೇ ಇರಲಿ. ನಾನು ಬೆಂಗಳೂರಿನಲ್ಲಿ ಡೀಸೆಲ್ ಪಂಪ್ ಕ್ಯಾಲಿಬ್ರೇಷನ್ ಬೆಂಚಿನ ಮುಂದೆ ನಿಂತು ಕೆಲಸ ಕಲಿತವನು. ಎಳೆತ ಸಾಲದು ಅಂತ ಲಾರಿಯವರು ಸೀಲ್ ಕಿತ್ತು ಸ್ಕ್ರೂ ತಿರುಗಿಸಿ, ಆಮೇಲೆ ಹೊಗೆ ಬಿಡುತ್ತಾ ನಮ್ಮ ಹತ್ತಿರ ಬರುತ್ತಿದ್ದರು. ಪೆಟ್ರೋಲ್ ಗಾಡಿಯಲ್ಲಿ ಸ್ಕ್ರೂ ಕಡಿಮೆ ಕಡೆಗೆ ತಿರುಗಿಸಿದರೆ ಹೊಗೆ ನಿಲ್ಲಬಹುದು, ಆದರೆ ಹೈವೇಯಲ್ಲಿ ಪಿಸ್ಟನ್ ಸುಟ್ಟೀತು.

ಎಕ್ಸಲರೇಟರ್ ಎಷ್ಟು ಒತ್ತಿದ್ದೀರಿ ಅನ್ನುವುದು ನಿಮ್ಮ ಮೀಟರಿಂಗ್ ಯೂನಿಟ್‌ಗೆ ಗೊತ್ತಾಗುವುದಿಲ್ಲ. ಅದು ನೋಡುವುದು ಮ್ಯಾನಿಫೋಲ್ಡ್‌ನ, ಅಂದರೆ ಇಂಜಿನ್‌ಗೆ ಗಾಳಿ ಹೋಗುವ ಕೊಳವೆಯ, ವ್ಯಾಕ್ಯೂಮ್ ಮಾತ್ರ. ವ್ಯಾಕ್ಯೂಮ್ ಜಾಸ್ತಿ ಇದ್ದರೆ ಡಯಾಫ್ರಾಮ್ ಸ್ಪ್ರಿಂಗ್‌ಗಳನ್ನು ಮೀರಿ ಎಳೆದುಕೊಳ್ಳುತ್ತದೆ, ಒಳಗಿನ ಶಟಲ್‌ನ ಓಡಾಟ ಕಡಿಮೆಯಾಗುತ್ತದೆ, ಪೆಟ್ರೋಲ್ ಕಡಿಮೆ ಹೋಗುತ್ತದೆ. ವ್ಯಾಕ್ಯೂಮ್ ಬಿದ್ದರೆ ಪೆಟ್ರೋಲ್ ಜಾಸ್ತಿ.

ವಾಲ್ವ್‌ಗಳು ತೆರೆದು ಮುಚ್ಚುವ ಡಿಗ್ರಿ ಲೆಕ್ಕದಲ್ಲಿ ನಿಮ್ಮ ಹಳೆಯ ಕ್ಯಾಮ್ 18-58-58-18. ಈಗಿನದು 35-65-65-35. ಅಂದರೆ ಇನ್‌ಲೆಟ್, ಎಕ್ಸಾಸ್ಟ್ ವಾಲ್ವ್ ಎರಡೂ ಒಟ್ಟಿಗೆ ತೆರೆದಿರುವ ಹೊತ್ತು 36 ಡಿಗ್ರಿಯಿಂದ 70ಕ್ಕೆ ಏರಿದೆ. ನಿಧಾನ ಓಟದಲ್ಲಿ ಸುಟ್ಟ ಗ್ಯಾಸ್ ಮ್ಯಾನಿಫೋಲ್ಡ್‌ಗೇ ವಾಪಸ್ ನುಗ್ಗುತ್ತದೆ, ವ್ಯಾಕ್ಯೂಮ್ ಬೀಳುತ್ತದೆ. ಗಾಡಿ ಮನೆ ಮುಂದೆ ಸುಮ್ನೆ ನಿಂತಿದ್ದರೂ ಏರು ಹತ್ತುತ್ತಿದೆ ಅಂದುಕೊಂಡು ಯೂನಿಟ್ ಪೆಟ್ರೋಲ್ ಸುರಿಯುತ್ತದೆ.

ಎಕ್ಸಲರೇಟರ್ ಪೂರ್ತಿ ಒತ್ತಿದಾಗ ಕಥೆ ಉಲ್ಟಾ. ಆಗ ಯಾವ ಕ್ಯಾಮ್ ಇದ್ದರೂ ವ್ಯಾಕ್ಯೂಮ್ ಹೆಚ್ಚುಕಡಿಮೆ ಸೊನ್ನೆ. ಆದರೆ ಈ ಕ್ಯಾಮ್ ಜೋರು ಓಟದಲ್ಲಿ ಗಾಳಿ ಜಾಸ್ತಿ ಎಳೆಯುತ್ತದೆ, ಅದಕ್ಕೆ ತಕ್ಕ ಪೆಟ್ರೋಲ್ ಬೇಕು. ಐಡ್ಲಿಂಗ್‌ನಲ್ಲಿ ಪೆಟ್ರೋಲ್ ಇಳಿಸಬೇಕು, ಜೋರು ಓಟದಲ್ಲಿ ಏರಿಸಬೇಕು. ಒಂದು ಸ್ಕ್ರೂ ತಿರುಗಿಸಿ ಎರಡನ್ನೂ ಮಾಡೋಕಾಗುತ್ತಾ?

ಅಂದಹಾಗೆ, ನಿಮ್ಮೂರಿನ ಟ್ರಯಂಫ್ ಕಾರ್ಖಾನೆಯವರೇ ಐಡ್ಲಿಂಗ್ ಒರಟು ಅಂತ ಈ ಜೋರು ಕ್ಯಾಮ್ ಬಿಟ್ಟು ಮೆದು ಕ್ಯಾಮ್‌ಗೆ ಬಂದದ್ದು. 150 ಎಚ್‌ಪಿ 125ಕ್ಕೆ ಇಳಿಯಿತು ಅಂತ ಜನ ಕೊರಗುತ್ತಾರೆ. ಅದರಲ್ಲಿ ಒಂದು ಪಾಲು ಅಳೆಯುವ ಕ್ರಮ ಬದಲಾದದ್ದು, ಅಷ್ಟೇ.

ಯೂನಿಟ್ ಮುಟ್ಟುವ ಮೊದಲು ಉಳಿದದ್ದನ್ನು ನೋಡಿ. ಟ್ಯಾಪೆಟ್ ಗ್ಯಾಪ್ ತಣ್ಣಗಿದ್ದಾಗ 10 ಥೌ (ಇಂಚಿನ ಸಾವಿರದಲ್ಲಿ ಹತ್ತು ಪಾಲು). ಡಿಗ್ರಿ ಚಕ್ರ ಕಟ್ಟಿ ಕ್ಯಾಮ್ ಟೈಮಿಂಗ್ ನೋಡಿಸಿ: ಈ ಕ್ಯಾಮ್‌ಗೆ ಇನ್‌ಲೆಟ್ ವಾಲ್ವ್ ಪೂರ್ತಿ ತೆರೆಯುವುದು ಟಿಡಿಸಿ (ಪಿಸ್ಟನ್ ತುತ್ತತುದಿ ಮುಟ್ಟುವ ಜಾಗ) ದಾಟಿ 105 ಡಿಗ್ರಿಗೆ, ಹಳೆಯದಕ್ಕೆ 110. ಹಳೆಯ ಲೆಕ್ಕದಲ್ಲೇ ಕೂರಿಸಿರುವ ಸಾಧ್ಯತೆ ಇದೆ. ಕ್ಯಾಮ್ ತೆಗೆಯುವಾಗ ಯೂನಿಟ್ ತಿರುಗಿಸುವ ಗೇರ್‌ಶಾಫ್ಟ್ ಕೂಡ ಹೊರಬಂದಿರುತ್ತದೆ. ಅದು ಅರ್ಧ ಸುತ್ತು ತಪ್ಪಿ ಕೂತರೂ ಇಂಜಿನ್ ಓಡುತ್ತದೆ. ಪೆಟ್ರೋಲ್ ಮಾತ್ರ ತಪ್ಪು ಹೊತ್ತಿಗೆ ಬೀಳುತ್ತಿರುತ್ತದೆ, ಸುಲಭಕ್ಕೆ ಗೊತ್ತಾಗುವುದಿಲ್ಲ.

ಪಂಪ್ ಪ್ರೆಶರ್ 105 ಪಿಎಸ್‌ಐ ಆಸುಪಾಸು ಇರಲಿ. ಅಷ್ಟು ಒತ್ತಡದ ಪೈಪನ್ನು ಬಿಸಿ ಇಂಜಿನ್ ಮೇಲೆ ಬಿಚ್ಚಬೇಡಿ. ವ್ಯಾಕ್ಯೂಮ್ ಪೈಪ್‌ಗಳ ಬಿರುಕು, ಸವೆದ ಥ್ರಾಟಲ್ ಸ್ಪಿಂಡಲ್ ಇವೂ ವ್ಯಾಕ್ಯೂಮ್ ಬೀಳಿಸುತ್ತವೆ. ಆರೂ ಥ್ರಾಟಲ್ ಒಂದೇ ಸಮ ಎಳೆಯುತ್ತಿರಬೇಕು.

ಇಷ್ಟಾದ ಮೇಲೆ ಇಂಜಿನ್ ಚೆನ್ನಾಗಿ ಬಿಸಿಮಾಡಿ, ಐಡ್ಲಿಂಗ್‌ನಲ್ಲೂ ಒಂದೇ ವೇಗದಲ್ಲಿ ಓಡಿಸುವಾಗಲೂ ವ್ಯಾಕ್ಯೂಮ್ ಗೇಜ್ ಏನು ತೋರಿಸುತ್ತದೆ ಅಂತ ಬರೆದುಕೊಳ್ಳಿ. ಯೂನಿಟ್ ಬಿಚ್ಚಿ, ಆ ಅಂಕಿಗಳ ಜೊತೆ, ಕ್ಯಾಮ್ ಯಾವುದು ಅನ್ನುವುದನ್ನೂ ಬರೆದು, ಲೂಕಾಸ್ ಯೂನಿಟ್ ಅಳೆಯುವ ಬೆಂಚ್ ಇರುವವರಿಗೆ ಕಳಿಸಿ. ಅವರು ಸ್ಪ್ರಿಂಗ್‌ಗಳನ್ನು ನಿಮ್ಮ ವ್ಯಾಕ್ಯೂಮ್‌ಗೆ ಹೊಂದಿಸಿ, ಪೂರ್ತಿ ಲೋಡಿನ ಪೆಟ್ರೋಲ್ ಅನ್ನು ಬೇರೆಯಾಗಿ ಅಳೆದು ಕೊಡುತ್ತಾರೆ. ಕೊನೆಗೆ ರೋಲಿಂಗ್ ರೋಡ್ (ನಿಂತಲ್ಲೇ ಚಕ್ರ ಓಡಿಸಿ ಪರೀಕ್ಷಿಸುವ ರೋಲರ್) ಮೇಲೆ ಪೂರ್ತಿ ಒತ್ತಿ ನೋಡಿ. ಮಿಕ್ಸ್ಚರ್, ಅಂದರೆ ಒಂದು ಪಾಲು ಪೆಟ್ರೋಲ್‌ಗೆ ಗಾಳಿಯ ತೂಕ, 12.5ರಿಂದ 13ರೊಳಗೆ ನಿಲ್ಲಬೇಕು. ಐಡ್ಲಿಂಗ್ ಹಳೆಯ ಕ್ಯಾಮ್‌ನಷ್ಟು ನಯವಾಗಿ ಬರುವುದಿಲ್ಲ, ಆ ಆಸೆ ಬಿಟ್ಟುಬಿಡಿ.

ಇನ್ನೊಂದು ವಿಷಯ. ಇಷ್ಟು ದಿನ ರಿಚ್ ಆಗಿ, ಅಂದರೆ ಪೆಟ್ರೋಲ್ ಜಾಸ್ತಿಯಾಗಿ, ಓಡಿದೆ, ಅಲ್ವಾ? ಡಿಪ್‌ಸ್ಟಿಕ್ ಮೂಸಿ ನೋಡಿ. ಪೆಟ್ರೋಲ್ ವಾಸನೆ ಬಂದರೆ ಮತ್ತೆ ಸ್ಟಾರ್ಟ್ ಮಾಡುವ ಮೊದಲು ಇಂಜಿನ್ ಆಯಿಲ್, ಫಿಲ್ಟರ್ ಎರಡೂ ಬದಲಾಯಿಸಿ.